ಬಣ್ಣ ಯಾವುದು, ಅಂಟು ಯಾವುದು? ಚಿತ್ರ ಮುಟ್ಟುವ ಮೊದಲು ಕೇಳಬೇಕಾದದ್ದು

ಹಳೆಯ ಚಿತ್ರವೊಂದು ಹಾಳಾಗುತ್ತಿದೆ ಅಂದ ಕೂಡಲೇ ನಮ್ಮ ಕಡೆ ಎರಡು ಮಾತು ಕೇಳಿಬರುತ್ತವೆ. 'ಒಳ್ಳೆ ಪೇಂಟರ್ ಒಬ್ಬರನ್ನ ಕರೆಸಿ ಸರಿ ಮಾಡಿಸಿಬಿಡೋಣ' ಅನ್ನುವುದು ಒಂದು. 'ಫೋಟೊ ತೆಗೆದಿಟ್ಟುಕೊಂಡರೆ ಸಾಕು' ಅನ್ನುವುದು ಇನ್ನೊಂದು. ಎರಡೂ ಕಾಳಜಿಯಿಂದ ಬಂದ ಮಾತುಗಳೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಚಿತ್ರವನ್ನು ಯಾವುದರಿಂದ ಮಾಡಿದ್ದಾರೆ? ಬಣ್ಣ ಯಾವುದು, ಅದನ್ನು ಹಿಡಿದಿಟ್ಟಿರುವ ಅಂಟು ಯಾವುದು, ಅಡಿಯಲ್ಲಿರುವುದು ಗಾರೆಯೋ ಬಟ್ಟೆಯೋ ಕಾಗದವೋ, ಯಾವುದರ ಮೇಲೆ ಯಾವುದನ್ನು ಹಚ್ಚಿದರು?

ಇದನ್ನು ತಿಳಿದುಕೊಳ್ಳುವ ಕೆಲಸಕ್ಕೆ ಸಂರಕ್ಷಣಾ ವಿಜ್ಞಾನ ಅನ್ನುತ್ತಾರೆ. ರಸಾಯನಶಾಸ್ತ್ರ, ಭೌತಶಾಸ್ತ್ರ, ಕಲೆಯ ಇತಿಹಾಸ ಮೂರೂ ಅಲ್ಲಿ ಕೂಡುತ್ತವೆ. ಹೇಳಿದರೆ ದೊಡ್ಡ ಮ್ಯೂಸಿಯಮ್ಮಿನ ವಿಷಯ ಅನ್ನಿಸುತ್ತದೆ. ದಾವಣಗೆರೆ, ಚಿತ್ರದುರ್ಗಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಬಹಳ ಇದೆ. ಇಲ್ಲಿ ದೇವಸ್ಥಾನದ ಛಾವಣಿಯ ಚಿತ್ರಗಳಿವೆ. ಕಂಪನಿ ನಾಟಕದ ಪರದೆಗಳ ಪರಂಪರೆ ಇದೆ. ಆರ್ಟ್ ಸ್ಕೂಲಿನಲ್ಲಿ ಕಲಿತು ಬರೆದ ಹಲವು ತಲೆಮಾರಿನ ಕಲಾವಿದರ ಕ್ಯಾನ್ವಾಸುಗಳು ಮನೆಮನೆಗಳಲ್ಲಿವೆ. ಈ ಊರುಗಳಿಗೆ ಇವತ್ತು ತುರ್ತಾಗಿ ಬೇಕಿರುವುದು ಕೋಟಿಗಟ್ಟಲೆ ರೂಪಾಯಿಯ ಲ್ಯಾಬ್ ಅಲ್ಲ. ಕಲಾವಿದರು ಬಳಸಿದ ಸಾಮಗ್ರಿಯ ದಾಖಲೆ. ಬಣ್ಣ ಕಲಸಿದ ಕೈಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅದನ್ನು ಬರೆದಿಟ್ಟುಕೊಳ್ಳಬೇಕು.

ಮೂರು ಬಗೆಯ ಕೆಂಪು

ಹಿರಿಯೂರಿನ ತೇರು ಮಲ್ಲೇಶ್ವರ ದೇವಸ್ಥಾನದಿಂದಲೇ ಶುರು ಮಾಡೋಣ. ಮುಖಮಂಟಪದಲ್ಲಿ ನಿಂತು ತಲೆ ಎತ್ತಿದರೆ ಛಾವಣಿಯಲ್ಲಿ ಪುರಾಣದ ಚಿತ್ರಗಳು ಕಾಣುತ್ತವೆ. ನಮ್ಮ ಸೀಮೆಯ ಛಾವಣಿ ಚಿತ್ರಗಳ ಮಾತು ಬಂದಾಗ ಹಂಪಿಯ ವಿರೂಪಾಕ್ಷ, ಲೇಪಾಕ್ಷಿ, ಶಿರಾ ಹತ್ತಿರದ ಸೀಬಿ ಇವುಗಳ ಜೊತೆ ಹಿರಿಯೂರಿನ ಹೆಸರೂ ಬರುತ್ತದೆ. ಲೇಪಾಕ್ಷಿಯಂಥ ಕಡೆ ಕಾಣುವ ಪದ್ಧತಿ ಹೀಗಿದೆ: ಕಲ್ಲಿನ ಚಪ್ಪಡಿಗೆ ಸುಣ್ಣ, ಮರಳಿನ ಗಾರೆ, ಅದರ ಮೇಲೆ ತೆಳುವಾದ ಸುಣ್ಣದ ಪದರ. ಮೊದಲು ಕೆಂಪು ಗೆರೆಯಲ್ಲಿ ಆಕಾರ. ಆಮೇಲೆ ಬಣ್ಣ ತುಂಬುವುದು. ಕೊನೆಗೆ ಕಪ್ಪು ಗೆರೆ ಎಳೆದು ಮುಗಿಸುವುದು.

ಇಂಥ ಛಾವಣಿಯಲ್ಲಿ ಒಂದು ಮುಖದ ಕೆನ್ನೆ ಕಪ್ಪಾಗಿದೆ ಅಂದುಕೊಳ್ಳಿ. ಅದು ದೀಪದ ಮಸಿಯೋ, ಕರ್ಪೂರದ ಹೊಗೆಯೋ, ಅಥವಾ ಬಣ್ಣವೇ ಕಪ್ಪಾಗಿದೆಯೋ? ಕೆಳಗೆ ನಿಂತು ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ.

ಕೆಂಪು ಅಂದರೆ ಒಂದೇ ಕೆಂಪಲ್ಲ. ಕೆಮ್ಮಣ್ಣು ಕಬ್ಬಿಣದ ಆಕ್ಸೈಡು. ಹೊಳಲ್ಕೆರೆ, ಹೊಸದುರ್ಗದ ಕಡೆ ನೆಲವನ್ನೇ ಕೆಂಪಾಗಿಸಿರುವುದೂ ಅದೇ ಕಬ್ಬಿಣ. ಅದು ಬಿಸಿಲಿಗೆ ಜಗ್ಗುವುದಿಲ್ಲ, ಸುಣ್ಣಕ್ಕೂ ಜಗ್ಗುವುದಿಲ್ಲ. ಸಾವಿರಾರು ವರ್ಷ ಇದ್ದ ಹಾಗೇ ಇರುತ್ತದೆ. ಇಂಗಳೀಕ ಪಾದರಸ ಮತ್ತು ಗಂಧಕ ಸೇರಿದ ಬಣ್ಣ. ಅದು ಬೆಳಕಿಗೆ ನಿಧಾನವಾಗಿ ಕಪ್ಪಾಗಬಲ್ಲದು. ಸೀಸದಿಂದ ಮಾಡುವ ಸಿಂಧೂರ ಗೋಡೆಯ ಮೇಲೆ, ಅದರಲ್ಲೂ ತೇವ ಇರುವ ಕಡೆ, ಕಂದಾಗಿ, ಕಪ್ಪಾಗಿ ತಿರುಗುತ್ತದೆ. ಮಸಿಯಾದರೆ ಒರೆಸಬಹುದು. ಸಿಂಧೂರವೇ ಕಪ್ಪಾಗಿದ್ದರೆ? ಕೊಳೆ ಅಂತ ತಿಳಿದು ಉಜ್ಜಿದರೆ ಹೋಗುವುದು ಕೊಳೆಯಲ್ಲ, ಆ ಕೆನ್ನೆಯೇ.

ಇದನ್ನು ಪತ್ತೆ ಮಾಡುವ ಯಂತ್ರದ ಹೆಸರು ಎಕ್ಸ್‌ಆರ್‌ಎಫ್. ಹೆಸರು ಹೊಸದು ಅನ್ನಿಸಬಹುದು. ಆದರೆ ಚಿನ್ನದಂಗಡಿಯಲ್ಲಿ ಕ್ಯಾರೆಟ್ ನೋಡುವ ಮೀಟರ್ ಇರುತ್ತದಲ್ಲ, ಅದು ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಎಕ್ಸ್-ರೇ ಬಿದ್ದಾಗ ಪ್ರತಿಯೊಂದು ಲೋಹವೂ ತನ್ನದೇ ಶಕ್ತಿಯ ಕಿರಣವನ್ನು ವಾಪಸ್ ಬಿಡುತ್ತದೆ. ಕಬ್ಬಿಣ ಕಂಡರೆ ಕೆಮ್ಮಣ್ಣು, ಪಾದರಸ ಕಂಡರೆ ಇಂಗಳೀಕ, ಸೀಸ ಕಂಡರೆ ಸಿಂಧೂರ ಇರಬಹುದು. 'ಇರಬಹುದು' ಅಂದಿದ್ದಕ್ಕೆ ಕಾರಣ ಇದೆ. ಆ ಸೀಸ ಅಡಿಯಲ್ಲಿ ಹಚ್ಚಿದ ಸಫೇದದಿಂದಲೂ, ಅಂದರೆ ಸೀಸದಿಂದ ಮಾಡಿದ ಬಿಳಿಯಿಂದಲೂ, ಬಂದಿರಬಹುದು. ನೀಲಿ ಗಿಡದಿಂದ ತೆಗೆದ ನೀಲಿಯಲ್ಲಿ ಲೋಹವೇ ಇಲ್ಲ, ಹಾಗಾಗಿ ಈ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಆಗ ಬೇಕಾಗುವುದು ರಾಮನ್ ರೋಹಿತ ಪರೀಕ್ಷೆ. ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ, 1930ರಲ್ಲಿ ನೊಬೆಲ್ ಪಡೆದ ಅದೇ ರಾಮನ್ ಪರಿಣಾಮ. ಲೇಸರ್ ಬೆಳಕು ಬಣ್ಣದ ಕಣದ ಮೇಲೆ ಬಿದ್ದು ಚದುರುವಾಗ, ಅದು ಯಾವ ಸಂಯುಕ್ತ ಅನ್ನುವುದನ್ನೇ ಹೇಳುತ್ತದೆ. ಜಗತ್ತಿನ ದೊಡ್ಡ ಮ್ಯೂಸಿಯಂ ಲ್ಯಾಬುಗಳಲ್ಲಿ ಇವತ್ತು ಇದು ದಿನನಿತ್ಯದ ಸಾಧನ. 1933ರಿಂದ ಬೆಂಗಳೂರಿನಲ್ಲೇ ನೆಲೆಸಿದ ವಿಜ್ಞಾನಿಯ ಶೋಧ ನಮ್ಮದೇ ಛಾವಣಿಗಳ ಬಣ್ಣ ಓದಲು ಬಳಕೆಯಾಗಬೇಕು ಅನ್ನುವುದು ದೊಡ್ಡ ಆಸೆಯೇನಲ್ಲ ಅಲ್ವಾ?

ಯಂತ್ರ ಇಲ್ಲದಿದ್ದರೂ ಕೆಲಸ ನಡೆದಿದೆ. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ನಾಯಕರ ಕಾಲದ ಚಿತ್ರಗಳ ಅಡಿಯಲ್ಲಿ ಚೋಳರ ಚಿತ್ರಗಳಿರುವುದನ್ನು 1931ರಲ್ಲಿ ಎಸ್.ಕೆ. ಗೋವಿಂದಸ್ವಾಮಿ ಕಂಡರು. ಮದ್ರಾಸ್ ಮ್ಯೂಸಿಯಮ್ಮಿನ ರಸಾಯನ ವಿಜ್ಞಾನಿ ಎಸ್. ಪರಮಶಿವನ್ ಅವುಗಳ ಸಣ್ಣ ಚೂರುಗಳನ್ನು ಪರೀಕ್ಷಿಸಿ, ಚೋಳರ ಚಿತ್ರಗಾರರು ಹಸಿ ಸುಣ್ಣದ ಮೇಲೆ ಬಣ್ಣ ಹಚ್ಚಿದ್ದರು ಅನ್ನುವ ತೀರ್ಮಾನಕ್ಕೆ ಬಂದರು. ಲೇಪಾಕ್ಷಿಯ ಚಿತ್ರಗಳ ವಿಧಾನವನ್ನೂ ಅವರು ಅಭ್ಯಾಸ ಮಾಡಿದರು. ಸುಮಾರು 90 ವರ್ಷದ ಹಿಂದಿನ ಮಾತು ಇದು.

ಪರೀಕ್ಷೆಗಿಂತ ಕಾಳಜಿ ಮುಂದೆ ಓಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಜಂತಾ ಸಾಕ್ಷಿ. 1920ರ ಹೊತ್ತಿಗೆ ಹೈದರಾಬಾದಿನ ನಿಜಾಮ ಸರ್ಕಾರ ಇಟಲಿಯಿಂದ ಇಬ್ಬರು ಪರಿಣತರನ್ನು ಕರೆಸಿತು. ಉದುರುತ್ತಿದ್ದ ಬಣ್ಣವನ್ನು ಹಿಡಿದು ನಿಲ್ಲಿಸಲು ಅವರು ಅರಗಿನ ವಾರ್ನಿಶ್ ಹಚ್ಚಿದರು. ಅಂದಿನ ಮಟ್ಟಿಗೆ ಅವರು ಜಾಣರೇ. ಚಿತ್ರಗಳನ್ನು ಬೀಳದಂತೆ ಉಳಿಸಿದರು ಕೂಡ. ಆದರೆ ವರ್ಷ ಕಳೆದಂತೆ ಅರಗು ಹಳದಿಯಾಗಿ, ಕಂದಾಗಿ ಚಿತ್ರಗಳನ್ನೇ ಮುಚ್ಚಿತು. ಅದನ್ನು ತೆಗೆಯುವುದೇ ಪುರಾತತ್ವ ಇಲಾಖೆಯ ರಸಾಯನ ವಿಭಾಗಕ್ಕೆ ದಶಕಗಳ ಕೆಲಸವಾಯಿತು.

ನಮ್ಮ ಊರಿನ ದೇವಸ್ಥಾನಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಆಯಿಲ್ ಪೇಂಟ್ ಬಂದಿದೆ, ಸಿಮೆಂಟ್ ಬಂದಿದೆ. ಕಲ್ಲಿಗೆ ಮರಳು ಹೊಡೆಸಿ ಬೆಳ್ಳಗೆ ಮಾಡುವ ಯಂತ್ರವೂ ಬಂದಿದೆ. ಭಕ್ತರನ್ನು ದೂರಿ ಪ್ರಯೋಜನವಿಲ್ಲ. ದೇವಸ್ಥಾನ ಪೂಜೆ ನಡೆಯುವ ಜಾಗ, ಬಣ್ಣ ಹೊಸದಾಗಿರಲಿ ಅನ್ನುವುದು ಅವರ ಪ್ರೀತಿ. ಹಳೆಯದರ ಮೇಲೆ ಹೊಸದು ಬರೆಯುವುದು ಚೋಳರ ಗೋಡೆಯ ಮೇಲೆ ನಾಯಕರು ಬರೆದಾಗಿನಿಂದಲೂ ಇದೆ. ಇಲ್ಲಿ ಒಂದು ವ್ಯತ್ಯಾಸ ಮಾತ್ರ ತಿಳಿದಿರಬೇಕು. ಸುಣ್ಣ ಬಳಿದು ಮುಚ್ಚಿದ ಚಿತ್ರವನ್ನು ಎಷ್ಟೋ ಸಲ ಮತ್ತೆ ಬಿಡಿಸಿ ತೆಗೆಯಬಹುದು. ಸುಣ್ಣ ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ. ಎನಾಮೆಲ್ ಪೇಂಟ್ ಹಾಗಲ್ಲ. ಗೋಡೆಯೊಳಗಿನ ನೀರು ಹೊರಬರಲು ದಾರಿ ಸಿಗದೆ, ಉಪ್ಪು ಹರಳುಗಟ್ಟಿ, ಹಳೆಯ ಗಾರೆಯನ್ನೇ ಹೊರಕ್ಕೆ ತಳ್ಳುತ್ತದೆ. ಛಾವಣಿ ಸೋರುತ್ತದೆ ಅಂತ ಮೇಲೆ ಸಿಮೆಂಟ್ ಹಾಕಿಸಿದರೂ ಇದೇ ಪಾಡು, ಯಾಕಂದ್ರೆ ಸಿಮೆಂಟೇ ಜೊತೆಗೆ ಉಪ್ಪು ತರುತ್ತದೆ. ಇನ್ನು ಕೆರೆದು ತೆಗೆದದ್ದಂತೂ ಯಾವ ಲ್ಯಾಬಿನಿಂದಲೂ ವಾಪಸ್ ಬರುವುದಿಲ್ಲ.

ವಸ್ತುವಿನ ಮೈ ನೋಡಿ ಇತಿಹಾಸ ಓದುವುದು ಚಿತ್ರದುರ್ಗಕ್ಕೆ ಹೊಸದಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದಾಗ ಒಂದು ಕಾಲಘಟ್ಟವನ್ನು ಗುರುತಿಸಲು ನೆರವಾದದ್ದು ಮಡಕೆಗೆ ಬಳಿದ ಕೆಂಗಂದು ಲೇಪ ಮತ್ತು ಅದರ ಬಿಳಿ ಗೆರೆಗಳು. ಅಗೆತದಲ್ಲಿ ಸಿಕ್ಕ ರೋಮನ್ ನಾಣ್ಯಗಳಷ್ಟೇ ತೂಕ ಆ ಲೇಪಕ್ಕೂ ಇತ್ತು.

ಪರದೆಯ ಕತೆ

ಛಾವಣಿ ಚಿತ್ರಗಳಿಗೆ ಹೇಗೋ ಇಲಾಖೆಯ ಒಂದು ಹೆಸರಿದೆ, ಕಾಯ್ದೆಯಿದೆ. ನನಗೆ ಹೆಚ್ಚು ಕಳವಳ ಇರುವುದು ನಾಟಕದ ಪರದೆಗಳ ಬಗ್ಗೆ. ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ಲೀಲಾ ಅವರ ಹೆಸರು ಕೇಳದವರು ಈ ಭಾಗದಲ್ಲಿ ಇಲ್ಲ. ವೃತ್ತಿ ರಂಗಭೂಮಿಗಾಗಿಯೇ ಇರುವ ರಂಗಾಯಣವೂ ದಾವಣಗೆರೆಯಲ್ಲೇ ಇದೆ. ನಾಟಕದ ಮಾತು, ಹಾಡು, ನಟರ ನೆನಪುಗಳ ಬಗ್ಗೆ ಬರಹ ಬಂದಿದೆ. ಆದರೆ ಆ ಅರಮನೆ ಸೀನು, ರಸ್ತೆ ಸೀನು, ಕಾಡು ಸೀನು ಬರೆದವರು ಏನು ಕಲಸಿದರು, ಹೇಗೆ ಕಲಸಿದರು ಅನ್ನುವುದನ್ನು ಬರೆದಿಟ್ಟವರು ಕಡಿಮೆ.

ಆ ವಿಧಾನ ಸೊಗಸಾದದ್ದು. ಬಟ್ಟೆ ಗಟ್ಟಿ ಹತ್ತಿಯದು, ಹಲವು ಪನ್ನ ಸೇರಿಸಿ ಹೊಲಿದದ್ದು. ಅಂಟು ಸರೇಸು, ಅಂದರೆ ಚರ್ಮ, ಎಲುಬು ಕುದಿಸಿ ತೆಗೆದದ್ದು. ಅದನ್ನು ನೀರಿನಲ್ಲಿ ನೆನೆಸಿ, ಬಿಸಿ ಮಾಡಿ, ಸೀಮೆಸುಣ್ಣದ ಪುಡಿ ಮತ್ತು ಬಣ್ಣದ ಪುಡಿ ಕೂಡಿಸುತ್ತಾರೆ. ಬಿಸಿ ಆರಿದರೆ ಗಟ್ಟಿಯಾಗುತ್ತದೆ, ಹಾಗಾಗಿ ಪಾತ್ರೆ ಒಲೆಯ ಪಕ್ಕದಲ್ಲೇ ಇರಬೇಕು. ಸರೇಸು ಜಾಸ್ತಿಯಾದರೆ ಒಣಗಿದ ಮೇಲೆ ಬಣ್ಣ ಬಿರಿಯುತ್ತದೆ. ಕಡಿಮೆಯಾದರೆ ಕೈ ಸೋಕಿದರೆ ಪುಡಿ ಉದುರುತ್ತದೆ. ಇನ್ನೊಂದು ಕಷ್ಟ, ಹಸಿ ಇದ್ದಾಗ ಗಾಢವಾಗಿ ಕಾಣುವ ಬಣ್ಣ ಒಣಗಿದಾಗ ತುಂಬ ತಿಳಿಯಾಗುತ್ತದೆ. ಸಂಜೆಯ ಆಕಾಶ ಒಣಗಿದ ಮೇಲೆ ಹೇಗಿರುತ್ತದೆ ಅನ್ನುವುದನ್ನು ಕಲಸುವಾಗಲೇ ಮನಸ್ಸಿನಲ್ಲಿ ಕಾಣಬೇಕು. ಆಯಿಲ್ ಪೇಂಟ್ ಬಳಸದೆ ಇದನ್ನೇ ಬಳಸಿದ್ದಕ್ಕೆ ಕಾರಣ ಅಗ್ಗ ಅನ್ನುವುದೊಂದೇ ಅಲ್ಲ. ಸರೇಸಿನ ಬಣ್ಣಕ್ಕೆ ಹೊಳಪಿಲ್ಲ. ರಂಗದ ದೀಪ ಬಿದ್ದರೆ ಕಣ್ಣಿಗೆ ಹೊಡೆಯುವುದಿಲ್ಲ. ಪರದೆ ಸುತ್ತಲೂ ಹಗುರ.

ಅದೇ ಗುಣ ಇವತ್ತು ಅದರ ಶತ್ರು. ನೀರಿನಲ್ಲಿ ಕಲಸಿದ ಬಣ್ಣ ನೀರಿಗೇ ಕರಗುತ್ತದೆ. ಒಂದು ಹನಿ ಬಿದ್ದರೆ ಬಳೆಯಂಥ ಕಲೆ. ದೂಳಾಗಿದೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅರಮನೆಯ ಕಂಬವೇ ಬಟ್ಟೆಗೆ ಬರುತ್ತದೆ. ಸರೇಸು ಬೂಷ್ಟಿಗೂ ಹುಳುವಿಗೂ ಒಳ್ಳೆ ಊಟ. ಮಡಿಚಿಟ್ಟರೆ ಮಡಿಕೆಯ ಗೆರೆಯುದ್ದಕ್ಕೂ ಬಣ್ಣ ಒಡೆದು ಬೀಳುತ್ತದೆ. ಕ್ಯಾಂಪಿನಿಂದ ಕ್ಯಾಂಪಿಗೆ ಲಾರಿಯಲ್ಲಿ ಹೋದ, ಮಳೆಗೆ ನೆನೆದ ಪರದೆಗಳು ಎಷ್ಟು ಉಳಿದಿರಬಹುದು ನೀವೇ ಊಹಿಸಿ. ಬಟ್ಟೆ ದುಬಾರಿಯಾದ್ದರಿಂದ ಹಳೆಯ ಬಣ್ಣ ತೊಳೆದು, ಅದೇ ಬಟ್ಟೆಯ ಮೇಲೆ ಹೊಸ ಸೀನು ಬರೆಯುವುದಕ್ಕೂ ಅವಕಾಶವಿತ್ತು. ಹಾಗಾಗಿ ಒಂದು ಪರದೆಯ ಅಡಿಯಲ್ಲಿ ಇನ್ನೊಂದರ ಗೆರೆ ಉಳಿದಿರಬಹುದು. ಇದ್ದಿಲಿನಿಂದ ಎಳೆದಿದ್ದರೆ, ಮೇಲಿನ ಬಣ್ಣ ತೆಳುವಾಗಿದ್ದರೆ, ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಅದು ಕಾಣುತ್ತದೆ. ಕಾರ್ಬನ್ ಆ ಬೆಳಕನ್ನು ನುಂಗುತ್ತದೆ, ಅನೇಕ ಬಣ್ಣಗಳು ಒಳಗೆ ಬಿಡುತ್ತವೆ.

ಈಗ ಫ್ಲೆಕ್ಸ್ ಬಂದಿದೆ, ಎಲ್‌ಇಡಿ ಪರದೆ ಬಂದಿದೆ. ಅದು ತಪ್ಪಲ್ಲ, ಕಂಪನಿ ನಡೆಸುವವರ ಕಷ್ಟ ಅವರಿಗೇ ಗೊತ್ತು. ಆದರೆ ಎಲ್ಲೋ ಅಟ್ಟದ ಮೇಲೆ, ಗೋದಾಮಿನ ಮೂಲೆಯಲ್ಲಿ ಹಳೆಯ ಪರದೆ ಸಿಕ್ಕರೆ ದಯವಿಟ್ಟು ತೊಳೆಯಬೇಡಿ. ಮೇಲೆ ವಾರ್ನಿಶ್ ಹೊಡೆಯಬೇಡಿ. ವಾರ್ನಿಶ್ ಹೀರಿಕೊಂಡ ಸರೇಸಿನ ಬಣ್ಣ ಕಪ್ಪಾಗಿ, ಹೊಳಪು ಬಂದು, ಬೇರೆಯದೇ ಚಿತ್ರವಾಗುತ್ತದೆ. ಬಿಚ್ಚುವಾಗ ಮೂಗಿಗೆ ಮಾಸ್ಕ್ ಇರಲಿ. ಹಳೆಯ ಹಸಿರು, ಹಳದಿ ಪುಡಿಗಳಲ್ಲಿ ಆರ್ಸೆನಿಕ್, ಸೀಸ ಇರುವುದುಂಟು. ಮಡಿಚುವ ಬದಲು ದಪ್ಪನೆಯ ಪೈಪಿಗೆ ಚಿತ್ರದ ಮುಖ ಹೊರಗೆ ಬರುವಂತೆ ಸಡಿಲವಾಗಿ ಸುತ್ತಿ, ನಡುವೆ ಒಗೆದ ಬಿಳಿ ಹತ್ತಿ ಬಟ್ಟೆ ಇಡಿ. ಮುಖ ಒಳಗೆ ಮಾಡಿ ಸುತ್ತಿದರೆ ಬಣ್ಣ ಒತ್ತಿಕೊಂಡು ಸಿಡಿಯುತ್ತದೆ. ಉದುರುವ ಬಣ್ಣವನ್ನು ನಿಲ್ಲಿಸಲು ಪರಿಣತರು ತೀರಾ ತೆಳುವಾದ ಅಂಟನ್ನು ಸಣ್ಣ ಹನಿಗಳ ಹಬೆ ಮಾಡಿ ಹಾಯಿಸುತ್ತಾರೆ. ಜಪಾನಿನಲ್ಲಿ ಕಡಲ ಪಾಚಿಯಿಂದ ತೆಗೆಯುವ ಫುನೊರಿ ಅನ್ನುವ ಅಂಟು ಇದಕ್ಕೆ ಹೆಸರಾಗಿದೆ, ಯಾಕಂದ್ರೆ ಒಣಗಿದ ಮೇಲೆ ಅದು ಹೊಳೆಯುವುದಿಲ್ಲ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಅನ್ನುವ ಪರಂಪರೆ ರಕ್ಷಣೆಯ ಸಂಸ್ಥೆ ನಡೆಸುವ ಕಲಾ ಸಂರಕ್ಷಣಾ ಕೇಂದ್ರ ಇದೆ. ಲಖನೌ ಮೂಲದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಅಂಥವರನ್ನು ಕೇಳಬೇಕು.

ಟ್ಯೂಬಿನ ಬಣ್ಣಕ್ಕೂ ವಯಸ್ಸಾಗುತ್ತದೆ

'ಇವೆಲ್ಲ ಹಳೆಯ ಕಾಲದ ವಿಷಯ, ನಮ್ಮದು ಕಂಪನಿ ಬಣ್ಣ' ಅಂತ ಕಲಾವಿದ ಗೆಳೆಯರು ಹೇಳುವುದನ್ನು ಕೇಳಿದ್ದೇನೆ. ಅಲ್ಲೇ ಎಚ್ಚರ ಬೇಕು. ಕೈಯಲ್ಲಿ ದುಡ್ಡಿಲ್ಲದ ಕಲಾವಿದರು ಮಾದರಪಾಟು ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಫೆವಿಕಾಲ್‌ಗೆ ವೈಟಿಂಗ್ ಪುಡಿ (ಸೀಮೆಸುಣ್ಣದ ಪುಡಿ) ಕಲಸಿ ಬಳಿದು, ಕ್ಯಾನ್ವಾಸ್ ಮಾಡಿಕೊಂಡಿದ್ದಾರೆ. ಆ ಜಾಣತನಕ್ಕೆ ನನಗೆ ಗೌರವವಿದೆ. ಆದರೆ ಫೆವಿಕಾಲ್ ಥರದ ಅಂಟು ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಮೆತ್ತಗಾಗುತ್ತದೆ. ಮೆತ್ತಗಾದದ್ದು ದೂಳನ್ನು ಒಳಗೆಳೆದುಕೊಳ್ಳುತ್ತದೆ. ಆಕ್ರಿಲಿಕ್ ಬಣ್ಣಕ್ಕೂ ಈ ತೊಂದರೆ ಇದೆ. ಎಣ್ಣೆ ಬಣ್ಣದಲ್ಲಿ ಜಿಂಕ್ ವೈಟ್ ಬಳಸಿದ್ದರೆ ಅದರ ಕತೆಯೇ ಬೇರೆ. ಸತು ಎಣ್ಣೆಯ ಆಮ್ಲಗಳ ಜೊತೆ ಸೇರಿ ಸೋಪಿನಂಥ ಸಂಯುಕ್ತ ಕಟ್ಟಿಕೊಳ್ಳುತ್ತದೆ. ಕೆಲವು ದಶಕದಲ್ಲಿ ಆ ಪದರ ಗಾಜಿನ ಹಾಗೆ ಪೆಡಸಾಗಿ ಬಿರಿದು, ಮೇಲಿನ ಬಣ್ಣವನ್ನೂ ಹೊತ್ತು ಎದ್ದುಬರುತ್ತದೆ. ಮೇಲಿನಿಂದ ನೋಡಿದರೆ ಜಿಂಕ್ ವೈಟೂ ಟೈಟಾನಿಯಂ ವೈಟೂ ಎರಡೂ ಬರೀ ಬಿಳಿ.

ಟ್ಯೂಬಿನ ಮೇಲೆ ಬರೆದದ್ದೇ ನಿಜ ಅಂತಲೂ ನಂಬುವಂತಿಲ್ಲ. ಜರ್ಮನಿಯಲ್ಲಿ ವುಲ್ಫ್‌ಗಾಂಗ್ ಬೆಲ್ಟ್ರಾಚಿ ಅನ್ನುವವನು 1914ರ ಚಿತ್ರ ಅಂತ ನಕಲಿ ಮಾಡಿ ಮಾರಿದ್ದ. ಸಿಕ್ಕಿಬಿದ್ದದ್ದು ಟೈಟಾನಿಯಂ ವೈಟ್‌ನಿಂದ. 1914ರಲ್ಲಿ ಆ ಬಿಳಿ ಕಲಾವಿದರ ಕೈಗೆ ಬಂದಿರಲಿಲ್ಲ. ಅವನು ಬಳಸಿದ್ದು ಜಿಂಕ್ ವೈಟ್ ಟ್ಯೂಬ್, ಅದರೊಳಗೆ ಟೈಟಾನಿಯಂ ಸೇರಿತ್ತು, ಲೇಬಲ್ಲಿನಲ್ಲಿ ಹೇಳಿರಲಿಲ್ಲ.

ಜಲವರ್ಣ ಇನ್ನೂ ನಾಜೂಕು. ಹಿರಿಯೂರು ತಾಲ್ಲೂಕು ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿ (1922–2000) ನಿಸರ್ಗ ಚಿತ್ರಗಳಿಗೆ ಹೆಸರಾದವರು. ಅವರಂಥವರ ಜಲವರ್ಣ ಮನೆಯಲ್ಲಿದ್ದರೆ ಕಿಟಕಿಯ ಎದುರು ತೂಗುಹಾಕಬೇಡಿ. ಮ್ಯೂಸಿಯಮ್ಮಿನಲ್ಲಿ ಜಲವರ್ಣಕ್ಕೆ ಸುಮಾರು 50 ಲಕ್ಸ್ ಬೆಳಕಷ್ಟೇ ಬಿಡುತ್ತಾರೆ (ಲಕ್ಸ್ ಅಂದರೆ ಬೆಳಕಿನ ಅಳತೆ). ನೇರ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ ಹೋಗುತ್ತದೆ. ಬೆಳಕಿನ ಪೆಟ್ಟು ಕೂಡಿಕೊಳ್ಳುತ್ತ ಹೋಗುತ್ತದೆ. ಆಮೇಲೆ ಕತ್ತಲಲ್ಲಿಟ್ಟರೆ ಹೋದ ಬಣ್ಣ ಮರಳುವುದಿಲ್ಲ. ಹಳದಿ ಮೊದಲು ಹೋದರೆ ಹಸಿರು ಗಿಡ ನೀಲಿಯಾಗುತ್ತದೆ, ಆಗ ನೋಡುವವರು 'ಕಲಾವಿದರು ನೀಲಿ ಗಿಡ ಬರೆದಿದ್ದಾರೆ' ಅನ್ನುತ್ತಾರೆ. ಫ್ರೇಮಿನ ಹಿಂದೆ ಸುಮ್ನೆ ಹಾರ್ಡ್‌ಬೋರ್ಡ್ ಒತ್ತಿಬಿಡುವುದೂ ಬೇಡ. ಅದರ ಆಮ್ಲ ಕಾಗದವನ್ನು ಕಂದು ಮಾಡುತ್ತದೆ. ಆಮ್ಲರಹಿತ ಬೋರ್ಡ್ ಕೇಳಿ ಹಾಕಿಸಬೇಕು.

ವ್ಯಾನ್ ಗೋ ತನ್ನ ಮಲಗುವ ಕೋಣೆಯ ಚಿತ್ರದ ಗೋಡೆ ತಿಳಿ ನೇರಳೆ ಅಂತ 1888ರ ಪತ್ರದಲ್ಲಿ ಬರೆದಿದ್ದ. ಇವತ್ತು ನಾವು ನೋಡುವ ಗೋಡೆ ನೀಲಿ. ವಿಜ್ಞಾನಿಗಳು ಪರೀಕ್ಷಿಸಿ, ನೇರಳೆಯೊಳಗಿನ ಕೆಂಪು ಬೆಳಕಿಗೆ ಹೋಗಿದೆ ಅಂತ ತೋರಿಸಿದರು. ಹುಡುಕುವವರಿಗೆ ಏನನ್ನು ಹುಡುಕಬೇಕು ಅನ್ನುವುದು ಗೊತ್ತಿತ್ತು, ಯಾಕಂದ್ರೆ ಕಲಾವಿದನೇ ಬರೆದಿಟ್ಟಿದ್ದ. ನಮ್ಮ ಕಲಾವಿದರಲ್ಲಿ ಎಷ್ಟು ಜನರ ಇಂಥ ಪತ್ರ ನಮ್ಮ ಬಳಿ ಇದೆ?

ಯಾರು ಕೇಳಬೇಕು, ಏನು ಕೇಳಬೇಕು

ಹೂಸ್ಟನ್ ನಗರದ ಮೆನಿಲ್ ಕಲೆಕ್ಷನ್ ಅನ್ನುವ ಮ್ಯೂಸಿಯಮ್ಮಿನಲ್ಲಿ ಕ್ಯಾರಲ್ ಮ್ಯಾನ್ಕೂಸಿ-ಉಂಗಾರೊ ಅನ್ನುವ ಸಂರಕ್ಷಕಿ 1990ರಲ್ಲಿ ಒಂದು ಕೆಲಸ ಶುರು ಮಾಡಿದರು. ಬದುಕಿರುವ ಕಲಾವಿದರನ್ನು ಅವರವರ ಚಿತ್ರದ ಮುಂದೆ ನಿಲ್ಲಿಸಿ, ಏನು ಬಳಸಿದಿರಿ, ಹೇಗೆ ಹಚ್ಚಿದಿರಿ, ಹಳತಾದರೆ ಹೇಗೆ ಕಂಡರೆ ನಿಮಗೆ ಒಪ್ಪಿಗೆ ಅಂತ ಕೇಳಿ ರೆಕಾರ್ಡ್ ಮಾಡುವುದು. ಇದಕ್ಕೆ ಲೇಸರ್ ಬೇಡ. ಈಗ ಎಲ್ಲರ ಜೇಬಿನಲ್ಲಿರುವ ಮೊಬೈಲ್ ಸಾಕು.

ದಾವಣಗೆರೆಗೆ ಇದನ್ನು ಮಾಡುವ ಅನುಕೂಲ ಬೇರೆ ಊರುಗಳಿಗಿಂತ ಜಾಸ್ತಿಯೇ ಇದೆ. ದೃಶ್ಯಕಲಾ ಮಹಾವಿದ್ಯಾಲಯ ದಾವಣಗೆರೆ ವಿಶ್ವವಿದ್ಯಾಲಯದ್ದೇ ಅಂಗ. ಅದೇ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ವಿಭಾಗಗಳೂ ಇವೆ. ಗಿರಣಿಗಳ ಊರಾದ್ದರಿಂದ ಹತ್ತಿಯ ನೂಲು, ಗಂಜಿ ತಿಳಿದ ಹಿರಿಯರೂ ಇಲ್ಲಿದ್ದಾರೆ. ಇವರೆಲ್ಲ ಒಂದು ಮೇಜಿನ ಸುತ್ತ ಕೂತಿಲ್ಲ ಅಷ್ಟೇ. ಪ್ರತಿ ವರ್ಷ ಪದವಿ ಮುಗಿಸುವ ವಿದ್ಯಾರ್ಥಿಗಳು ತಲಾ ಒಬ್ಬ ಹಿರಿಯ ಕಲಾವಿದರನ್ನೋ ಪರದೆ ಬರೆದವರನ್ನೋ ಸೈನ್‌ಬೋರ್ಡ್ ಬರೆದವರನ್ನೋ ಆರಿಸಿಕೊಂಡು ಮಾತಾಡಿಸಿದರೆ, ಕೆಲವೇ ವರ್ಷದಲ್ಲಿ ಈ ಸೀಮೆಯ ಬಣ್ಣದ ದಫ್ತರವೇ ಆಗುತ್ತದೆ.

ಕೇಳುವಾಗ 'ನಿಮ್ಮ ಸ್ಫೂರ್ತಿ ಏನು' ಅನ್ನುವುದನ್ನು ಆಮೇಲೆ ಕೇಳಿದರಾಯಿತು. ಬಟ್ಟೆ ಎಲ್ಲಿ ಕೊಂಡಿರಿ, ಗಂಜಿ ತೊಳೆದಿರೋ ಇಲ್ಲವೋ? ಮೊದಲ ಕೋಟ್ ಏನು? ಯಾವ ಕಂಪನಿಯ ಯಾವ ಬಿಳಿ? ಬಣ್ಣ ಸಾಲದಾಗ ಏನು ಬೆರೆಸಿದಿರಿ, ಸೀಮೆಎಣ್ಣೆಯೋ ಟರ್ಪಂಟೈನೋ? ಸರೇಸು ಒಂದು ಸೇರಿಗೆ ನೀರು ಎಷ್ಟು? ಮಳೆಗಾಲದಲ್ಲಿ ಅಳತೆ ಬದಲಾಯಿಸುತ್ತಿದ್ದಿರಾ? ಈ ಚಿತ್ರವನ್ನು ಆಮೇಲೆ ಯಾರಾದರೂ ತಿದ್ದಿದ್ದಾರಾ? ಹಳೆಯ ಟ್ಯೂಬು, ಒಣಗಿದ ಡಬ್ಬಿ, ಪುಡಿಯ ಪೊಟ್ಟಣ ಉಳಿದಿದ್ದರೆ ಅವನ್ನು ಎಸೆಯದೆ ಹೆಸರು, ವರ್ಷ ಬರೆದು ಎತ್ತಿಡಬೇಕು. ಮುಂದೆ ಎಕ್ಸ್‌ಆರ್‌ಎಫ್ ಬಂದಾಗ ಚಿತ್ರವನ್ನು ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ. ಅವರ ಕೈಯಿಂದಲೇ ಒಂದು ಸಣ್ಣ ಬಟ್ಟೆ ತುಂಡಿಗೆ ಬಣ್ಣ ಹಚ್ಚಿಸಿ, ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿ, ಇನ್ನರ್ಧವನ್ನು ಒಂದು ಬೇಸಿಗೆ ಕಿಟಕಿಯಲ್ಲಿಟ್ಟರೆ ಯಾವ ಬಣ್ಣ ನಿಲ್ಲುತ್ತದೆ, ಯಾವುದು ಹಾರುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ಪರದೆ ಬರೆದವರಿಂದಲೇ ಅನ್ನುತ್ತೇನೆ. ಟ್ಯೂಬಿನ ಬಣ್ಣದ ವಿವರ ಎಷ್ಟೋ ಸಲ ಕಂಪನಿಯ ಹಳೆಯ ಕ್ಯಾಟಲಾಗಿನಲ್ಲಿ ಸಿಗುತ್ತದೆ. ಸರೇಸಿನ ಹದ ಯಾವ ಕ್ಯಾಟಲಾಗಿನಲ್ಲೂ ಇಲ್ಲ, ಅದನ್ನು ಬಲ್ಲವರಿಗೆ ವಯಸ್ಸಾಗಿದೆ.